ಬೂದಿಯನ್ನೂ ಪುಡಿ ಮಾಡಬೇಕು

ಕಾಗದ ಸುಟ್ಟರೆ ಸಾಲದು. ಚೂರೂ ಉಳಿಯದೆ ಬೂದಿಯಾಗುವವರೆಗೆ ಸುಡಬೇಕು, ಆಮೇಲೆ ಆ ಬೂದಿಯನ್ನೂ ಪುಡಿ ಮಾಡಬೇಕು. ಸುಡಲು ಅನುಕೂಲವಿಲ್ಲದ ಕಡೆ ಕಡತಗಳನ್ನು ಪೆಟ್ಟಿಗೆಗೆ ತುಂಬಿ, ಭಾರ ಕಟ್ಟಿ, ದಡದಿಂದ ಆದಷ್ಟು ದೂರ, ಸೆಳೆತವಿಲ್ಲದ ಆಳ ಕಡಲಿನಲ್ಲಿ ಮುಳುಗಿಸಬೇಕು. ಆಫ್ರಿಕಾದ ವಸಾಹತುಗಳನ್ನು ಒಂದೊಂದಾಗಿ ಬಿಟ್ಟು ಹೊರಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಬಂದ ಗುಪ್ತ ಸೂಚನೆಗಳ ಸಾರ ಇದು. ಸತ್ತವರನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ನಮ್ಮ ಜನಕ್ಕೆ ಈ ಕ್ರಮ ಹೊಸದಲ್ಲ. ನಾವು ಬಿಡುವುದು ಸತ್ತವರಿಗೆ ಸದ್ಗತಿ ಸಿಗಲಿ ಎಂದು. ಅವರು ಸುಟ್ಟದ್ದು ಬದುಕಿರುವವರ ಹೆಸರು ಹೊರಬೀಳದಿರಲಿ ಎಂದು.

ಈ ಕೆಲಸಕ್ಕೆ ಇಟ್ಟ ಹೆಸರು ಆಪರೇಷನ್ ಲೆಗಸಿ. ಲೆಗಸಿ ಅಂದರೆ ಬಳುವಳಿ. ಹೊಸ ಸರಕಾರದ ಕೈಗೆ ನಿಶ್ಚಿಂತೆಯಿಂದ ಒಪ್ಪಿಸಬಹುದಾದ ಕಡತ ‘ಲೆಗಸಿ’. ಒಪ್ಪಿಸಬಾರದ್ದು, ಕೆನ್ಯಾದ ಕಚೇರಿ ಭಾಷೆಯಲ್ಲಿ, ‘ವಾಚ್’. 1961ರ ಮೇ 3ರಂದು ವಸಾಹತು ಕಾರ್ಯದರ್ಶಿ ಇಯಾನ್ ಮೆಕ್ಲಾಯ್ಡ್ ಕಳಿಸಿದ ತಂತಿ ಯಾವುದು ಒಪ್ಪಿಸಬಾರದ್ದು ಎಂದು ಸ್ಪಷ್ಟವಾಗಿ ಹೇಳಿತ್ತು. ಬ್ರಿಟಿಷ್ ಸರಕಾರಕ್ಕೆ, ಪೊಲೀಸರಿಗೆ, ಸೈನ್ಯಕ್ಕೆ, ನೌಕರರಿಗೆ, ಗುಟ್ಟು ಹೇಳಿದವರಿಗೆ ಮುಜುಗರ ತರುವಂಥದ್ದು ಯಾವುದೂ ಉಳಿಯಬಾರದು. ವಾಚ್ ಕಡತವನ್ನು ಮುಟ್ಟುವ ಅಧಿಕಾರ ಯುರೋಪಿಯನ್ ಮೂಲದ ಬ್ರಿಟಿಷ್ ಪ್ರಜೆಯಾದ ಅಧಿಕಾರಿಗೆ ಮಾತ್ರ. ನೈರೋಬಿಯ ಕಚೇರಿಗಳಲ್ಲಿ ದಶಕಗಟ್ಟಲೆ ಟೈಪು ಹೊಡೆದು, ನಂಬರು ಹಾಕಿ, ದಾರ ಕಟ್ಟಿ ಕಪಾಟಿಗೆ ಸೇರಿಸಿದವರು ಗೋವಾದ, ಗುಜರಾತಿನ, ಪಂಜಾಬಿನ ಗುಮಾಸ್ತರು. ತಾವೇ ಕಟ್ಟಿದ ಕಡತ ಈಗ ಅವರಿಗೂ ನಿಷಿದ್ಧ. ಕಡತ ಎತ್ತಿದ ಜಾಗ ಬರಿದಾಗಿ ಕಾಣಬಾರದೆಂದು ಅಲ್ಲೊಂದು ಹುಸಿ ಕಡತ ಇಡಬೇಕೆಂಬ ಸೂಚನೆಯೂ ಇತ್ತು.

ನಮ್ಮಲ್ಲಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರಿಗೆ ‘ಕಡತ ಸಿಗುತ್ತಿಲ್ಲ’ ಎಂಬ ಮಾತಿನ ತೂಕ ಗೊತ್ತು. ಒಂದು ದೇಶಕ್ಕೆ ದೇಶವೇ ಆ ಮಾತು ಕೇಳಬೇಕಾದರೆ ಆ ಕಡತಗಳಲ್ಲಿ ಇದ್ದದ್ದೇನು?

ಉತ್ತರಕ್ಕೆ ಮೆಕ್ಲಾಯ್ಡನ ತಂತಿಗಿಂತ ಅರವತ್ತೈದು ವರ್ಷ ಹಿಂದೆ, ಕೆನ್ಯಾದ ರೈಲಿನಿಂದ ಶುರು ಮಾಡಬೇಕು. 1896ರಲ್ಲಿ ಮೊಂಬಾಸಾದ ಕಡಲ ದಂಡೆಯಿಂದ ಹೊರಟ ಹಳಿ 1901ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಸರೋವರದ ದಡ ಮುಟ್ಟಿತು. ಹಾಕಿದವರು ಭಾರತದಿಂದ ಕರಾರಿನ ಮೇಲೆ ಒಯ್ದ ಸುಮಾರು 32,000 ಕೂಲಿಗಳು. ಅವರಲ್ಲಿ 2,493 ಮಂದಿ ಸತ್ತರು. ತ್ಸಾವೋ ಸೇತುವೆಯ ಬಳಿ ಕೂಲಿಗಳನ್ನು ಎಳೆದೊಯ್ದ ಎರಡು ಸಿಂಹಗಳ ಕತೆ ಲೋಕಪ್ರಸಿದ್ಧವಾಯಿತು. ಉಳಿದವರನ್ನು ಕೊಂದ ಜ್ವರ, ಭೇದಿಗಳ ಕತೆ ಯಾರಿಗೆ ಬೇಕು? ರೈಲಿನ ಜತೆಗೆ ಭಾರತದಿಂದ ಬೇರೆ ಸರಕೂ ಹೋಯಿತು. 1920ರವರೆಗೆ ಅಲ್ಲಿನ ನಾಣ್ಯ ರೂಪಾಯಿ. ದಂಡ ಸಂಹಿತೆ ನಮ್ಮದೇ ಐಪಿಸಿ. ಗಾಡಿ ಸ್ವಾಹಿಲಿಯಲ್ಲಿ ‘ಗಾರಿ’ ಆಯಿತು, ದುಕಾನು ‘ದುಕಾ’ ಆಯಿತು, ಚೀಟಿ ‘ಚೇಟಿ’ ಆಗಿ ಈಗಲೂ ಸರ್ಟಿಫಿಕೇಟಿಗೆ ಅದೇ ಹೆಸರು. ಹಳಿಯ ಆಚೀಚೆ ಒಂದೊಂದು ಮೈಲಿ ನೆಲವನ್ನು ವಶಪಡಿಸಿಕೊಳ್ಳಲು ಬಳಸಿದ್ದು 1894ರ ಭಾರತೀಯ ಭೂಸ್ವಾಧೀನ ಕಾಯ್ದೆ. ಅಣೆಕಟ್ಟಿಗೆ, ಕಾರ್ಖಾನೆಗೆ, ಬಡಾವಣೆಗೆ ಹೊಲ ಕೊಟ್ಟ ನಮ್ಮ ರೈತರು 2013ರವರೆಗೂ ಹೆಸರು ಹೇಳಿ ಶಪಿಸಿದ ಕಾಯ್ದೆ ಅದೇ.

ರೈಲಿನ ಖರ್ಚು ಹುಟ್ಟಬೇಕಾದರೆ ಸಾಗಿಸಲು ಬೆಳೆ ಬೇಕು, ಬೆಳೆಯಲು ಬಿಳಿಯ ರೈತರು ಬೇಕು, ಅವರಿಗೆ ನೆಲ ಬೇಕು. ನೈರೋಬಿಯ ಸುತ್ತಿನ ಎತ್ತರದ ನಾಡು ತಂಪು, ಮಣ್ಣು ಕೆಂಪು, ಮಳೆ ಹದ. ಕಿಕುಯು ಜನ ಅಲ್ಲಿ ಉಳುತ್ತಿದ್ದರು, ಮಾಸಾಯಿ ಜನ ದನ ಮೇಯಿಸುತ್ತಿದ್ದರು. ಸಿಡುಬು, ದನಗಳ ದೊಡ್ಡರೋಗ ಮತ್ತು ಬರ ಒಟ್ಟಾಗಿ ಎರಗಿ ಎಷ್ಟೋ ಕಡೆ ಜನ ತಾತ್ಕಾಲಿಕವಾಗಿ ಜಾಗ ಬಿಟ್ಟಿದ್ದ ಹೊತ್ತಿಗೆ ಸರಿಯಾಗಿ ಬಂದ ಸರಕಾರಕ್ಕೆ ಅದು ‘ಯಾರದ್ದೂ ಅಲ್ಲದ’ ನೆಲವಾಗಿ ಕಂಡಿತು. ಬಿತ್ತದೆ ಬಿಟ್ಟ ಹೊಲಕ್ಕೂ ಒಡೆಯನಿರುತ್ತಾನೆ ಎಂದು ತಿಳಿಯಲು ಕಾನೂನು ಓದಬೇಕಾಗಿಲ್ಲ. ಆದರೆ ಕಾನೂನು ಓದಿದವರಿಗೆ ಅದು ತಿಳಿಯಲಿಲ್ಲ. 1902ರ ಕ್ರೌನ್ ಲ್ಯಾಂಡ್ಸ್ ಶಾಸನ 99 ವರ್ಷದ ಗುತ್ತಿಗೆ ಕೊಟ್ಟಿತು. ಮರುವರ್ಷವೇ ಲಾರ್ಡ್ ಡೆಲಮೇರ್ ಒಬ್ಬನಿಗೇ ಒಂದು ಲಕ್ಷ ಎಕರೆ ಸಿಕ್ಕಿತು. ಬಿಳಿಯರು ಅವಧಿ ಸಾಲದೆಂದು ತಕರಾರು ತೆಗೆದರು. 1915ರಲ್ಲಿ ಅದನ್ನು 999 ವರ್ಷ ಮಾಡಿದರು.

999 ಎಂಬ ಸಂಖ್ಯೆಯನ್ನು ಕಣ್ಣಿಗೆ ತಂದುಕೊಳ್ಳುವುದು ಕಷ್ಟ. 1915ರಿಂದ ಅಷ್ಟು ವರ್ಷ ಹಿಂದಕ್ಕೆ ಹೋದರೆ 916. ಪಂಪ ಆಗಿನ್ನೂ ಹುಡುಗ. ‘ವಿಕ್ರಮಾರ್ಜುನ ವಿಜಯ’ ಬರೆಯುವುದಕ್ಕೆ ಕಾಲು ಶತಮಾನ ಬಾಕಿ. ಪಂಪನಿಂದ ಬಿಎಂಶ್ರೀಯವರೆಗಿನ ಇಡೀ ಕಾಲ ಒಂದು ಕಾಫಿ ತೋಟದ ಗುತ್ತಿಗೆಯೊಳಗೆ ಹಿಡಿಸುತ್ತದೆ. ಆ ಪತ್ರಗಳ ಪ್ರಕಾರ ನೆಲ ವಾಪಸ್ಸಾಗಬೇಕಾದದ್ದು 2914ರಲ್ಲಿ.

ಮಾಸಾಯಿಗಳಿಗೂ ಕಾಗದ ಕೊಟ್ಟಿದ್ದರು. ರೈಲಿನ ಬದಿಯ ಹುಲ್ಲುಗಾವಲು ಬಿಟ್ಟು ಹೋದರೆ ಉತ್ತರದ ಲೈಕಿಪಿಯಾ, ಮಾಸಾಯಿ ಕುಲ ಇರುವಷ್ಟು ಕಾಲ, ಅವರದೇ ಎಂದು 1904ರ ಒಪ್ಪಂದ. ಏಳು ವರ್ಷಕ್ಕೆ ಬಿಳಿಯರಿಗೆ ಲೈಕಿಪಿಯಾವೂ ಬೇಕಾಯಿತು, 1911ರಲ್ಲಿ ಇನ್ನೊಂದು ಒಪ್ಪಂದ, ದನಕರು ಮಕ್ಕಳುಮರಿಗಳೊಂದಿಗೆ ದಕ್ಷಿಣಕ್ಕೆ ಇನ್ನೊಂದು ಗುಳೆ. ಮಾಸಾಯಿಗಳು ಬಿಲ್ಲು ಹಿಡಿಯಲಿಲ್ಲ, ವಕೀಲರನ್ನು ಹಿಡಿದರು. 1913ರ ತೀರ್ಪು ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಮಾಸಾಯಿಗಳು ಬ್ರಿಟಿಷ್ ಪ್ರಜೆಗಳಲ್ಲ, ಅವರದು ಬೇರೆ ರಾಜ್ಯ. ಹಾಗಾಗಿ ಒಪ್ಪಂದ ಎರಡು ರಾಜ್ಯಗಳ ನಡುವಿನ ಸಂಧಿ. ಸಂಧಿ ಮುರಿದದ್ದನ್ನು ವಿಚಾರಿಸಲು ಈ ಕೋರ್ಟಿಗೆ ಅಧಿಕಾರವಿಲ್ಲ. ನೆಲ ಕಳೆದುಕೊಳ್ಳುವ ದಿನ ಮಾತ್ರ ಅವರು ಸ್ವತಂತ್ರ ರಾಜ್ಯ! ಕಿಕುಯುಗಳಿಗೆ ಈ ಭಾಗ್ಯವೂ ಇಲ್ಲ. 1921ರ ಇನ್ನೊಂದು ತೀರ್ಪು ಅವರನ್ನು ತಮ್ಮ ಮುತ್ತಜ್ಜಂದಿರ ನೆಲದ ಮೇಲೆ ದೊರೆಯ ಮರ್ಜಿಯ ಒಕ್ಕಲಾಗಿಸಿತು.

ನೆಲ ಹೋಯಿತು, ಇನ್ನು ಕೈ ಬೇಕು. ಗುಡಿಸಲು ತೆರಿಗೆಯನ್ನು ರೂಪಾಯಿಯಲ್ಲೇ ಕಟ್ಟಬೇಕು. ರೂಪಾಯಿ ಸಿಗುವುದು ಬಿಳಿಯರ ತೋಟದಲ್ಲಿ. ತೋಟ ಬಿಟ್ಟು ಓಡಿಹೋಗದಂತೆ ಕಿಪಾಂಡೆ. ತುಂಡು, ಚೂರು ಎಂದು ಅದರ ಅರ್ಥ. 1915ರ ಕಾನೂನು ಮೊದಲ ಮಹಾಯುದ್ಧ ಮುಗಿದ ಮೇಲೆ ಜಾರಿಗೆ ಬಂತು. ಪ್ರಾಯದ ಆಫ್ರಿಕನ್ ಗಂಡಸರೆಲ್ಲ ಹೆಸರು, ಬುಡಕಟ್ಟು, ಬೆರಳಚ್ಚು, ಕೂಲಿ, ಧಣಿಯ ರುಜು ಇರುವ ಆ ಕಾಗದವನ್ನು ಪುಟ್ಟ ಲೋಹದ ಡಬ್ಬಿಯಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಳ್ಳಬೇಕು. ಹಳೆಯ ಧಣಿ ರುಜು ಹಾಕಿ ಬಿಡುಗಡೆ ಬರೆಯದೆ ಹೊಸ ಕೆಲಸ ಇಲ್ಲ. ಜನ ಅದನ್ನು ‘ಮ್ಬುಗಿ’ ಎಂದರು, ಮೇಕೆಯ ಕೊರಳ ಗಂಟೆ. ಬೆರಳಚ್ಚನ್ನು ಆಡಳಿತದ ಆಯುಧವಾಗಿ ಬ್ರಿಟಿಷರು ಪಳಗಿಸಿಕೊಂಡದ್ದು ಬಂಗಾಳದಲ್ಲಿ. ಅದೂ ಹಡಗು ಹತ್ತಿ ಬಂದ ಸರಕೇ.

ಕಿಪಾಂಡೆಯ ವಿರುದ್ಧ ಮೊದಲು ಗಟ್ಟಿಯಾಗಿ ಮಾತಾಡಿದವನು ಹ್ಯಾರಿ ಥುಕು, ಸರಕಾರಿ ಖಜಾನೆ ಕಚೇರಿಯ ಟೆಲಿಫೋನ್ ಆಪರೇಟರ್. ಅವನ ಕರಪತ್ರ ಅಚ್ಚಾಗುತ್ತಿದ್ದದ್ದು ಮಣಿಲಾಲ್ ದೇಸಾಯಿ ಎಂಬ ಗುಜರಾತಿಯ ಪತ್ರಿಕಾ ಮುದ್ರಣಾಲಯದಲ್ಲಿ. 1922ರ ಮಾರ್ಚಿನಲ್ಲಿ ಥುಕುವನ್ನು ಹಿಡಿದಾಗ ನೈರೋಬಿಯ ಪೊಲೀಸ್ ಠಾಣೆಯ ಮುಂದೆ ಸಾವಿರಾರು ಜನ ಸೇರಿದರು. ಮುಖಂಡರು ಸಂಧಾನ ಮಾಡಿ ಹಿಂದಿರುಗಲು ಹೇಳಿದರು. ಆಗ ಮೇರಿ ಮುಥೋನಿ ನ್ಯಾಂಜಿರು ಎಂಬ ಹೆಂಗಸು ಲಂಗವನ್ನೆತ್ತಿ, ನನ್ನ ಉಡುಗೆ ನೀವು ತೊಡಿ, ನಿಮ್ಮ ಷರಾಯಿ ನನಗೆ ಕೊಡಿ ಎಂದು ಗಂಡಸರನ್ನು ಹಂಗಿಸಿದಳು. ಗುಂಪು ಮುನ್ನುಗ್ಗಿತು, ಪೊಲೀಸರು ಗುಂಡು ಹಾರಿಸಿದರು. ಎದುರಿನ ನಾರ್ಫೋಕ್ ಹೋಟೆಲಿನ ಜಗಲಿಯಲ್ಲಿ ಕೂತಿದ್ದ ಬಿಳಿಯರೂ ಕೈ ಜೋಡಿಸಿದರೆಂದು ನೋಡಿದವರು ಹೇಳಿದರು. ಅಧಿಕೃತ ಲೆಕ್ಕಕ್ಕೆ 21 ಹೆಣ. ನ್ಯಾಂಜಿರುವಿನದೂ ಅವುಗಳಲ್ಲಿ ಒಂದು.

ಮುಂದಿನ ಮೂವತ್ತು ವರ್ಷ ಅರ್ಜಿಗಳ ಕಾಲ. ಮನವಿ, ನಿಯೋಗ, ಆಯೋಗ, ವರದಿ. ಅಷ್ಟರಲ್ಲಿ ಎರಡೂ ಮಹಾಯುದ್ಧಗಳಿಗೆ ಆಫ್ರಿಕನ್ನರು ಹೋಗಿಬಂದಿದ್ದರು. ಮೊದಲನೆಯದಕ್ಕೆ ಮೂಟೆ ಹೊತ್ತ ಕ್ಯಾರಿಯರ್ ಕೋರಿನ ನೆನಪು ನೈರೋಬಿಯ ಕರಿಯಾಕೋರ್ ಮಾರುಕಟ್ಟೆಯ ಹೆಸರಿನಲ್ಲಿದೆ. ಯುದ್ಧದಿಂದ ಬಂದ ಬಿಳಿಯ ಸೈನಿಕರಿಗೆ ಎತ್ತರದ ನಾಡಿನಲ್ಲಿ ಜಮೀನು, ಕರಿಯ ಸೈನಿಕರಿಗೆ ಮತ್ತೆ ಕಿಪಾಂಡೆ. ಬರ್ಮಾದಲ್ಲಿ ಜಪಾನಿಗಳ ವಿರುದ್ಧ ಹೋರಾಡಿ ಮರಳಿದ ವರುಹಿಯು ಇಟೋಟೆ ಮುಂದೆ ‘ಜನರಲ್ ಚೈನಾ’ ಎಂಬ ಹೆಸರಿನಲ್ಲಿ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದು ಕೆನ್ಯಾ ಪರ್ವತದ ಕಾಡು ಸೇರಿದ. ಹೊರಗಿನವರು ಮೌ ಮೌ ಎಂದ ಆ ಚಳವಳಿಯ ಒಳಗಿನವರು ತಮ್ಮ ಬೇಡಿಕೆಯನ್ನು ಹೇಳಿಕೊಂಡದ್ದು ‘ಇಥಾಕಾ ನಾ ವಿಯಾಥಿ’ ಎಂದು: ನೆಲ ಮತ್ತು ಸ್ವಾತಂತ್ರ್ಯ. ನೆಲವೇ ಮೊದಲು.

1952ರ ಅಕ್ಟೋಬರ್ 20ರಂದು ಗವರ್ನರ್ ಎವೆಲಿನ್ ಬೇರಿಂಗ್ ತುರ್ತುಸ್ಥಿತಿ ಸಾರಿದ. ಆಫ್ರಿಕನ್ನರ ರಾಜಕೀಯ ಮುಖಂಡ ಜೋಮೋ ಕೆನ್ಯಾಟ್ಟಾ ಮತ್ತು ಐವರು ಸಂಗಾತಿಗಳನ್ನು ದೂರದ ಕಪೆಂಗುರಿಯಾದಲ್ಲಿ ವಿಚಾರಣೆಗೆ ನಿಲ್ಲಿಸಿದರು. ಅವರ ಪರ ವಾದಿಸಲು ಲಂಡನ್ನಿನಿಂದ ಡಿ. ಎನ್. ಪ್ರಿಟ್ ಬಂದರು, ನೆಹರು ದೆಹಲಿಯಿಂದ ದಿವಾನ್ ಚಮನ್‌ಲಾಲ್ ಅವರನ್ನು ಕಳಿಸಿದರು. ಏಳು ವರ್ಷ ಕಠಿಣ ಶಿಕ್ಷೆ ಬರೆದ ಜಡ್ಜಿ ಥ್ಯಾಕರ್‌ಗೆ ಸರಕಾರದಿಂದ ಗುಟ್ಟಾಗಿ ಸಂದದ್ದು 20,000 ಪೌಂಡು.

ಮೌ ಮೌ ಕೈಯೂ ನೆತ್ತರಲ್ಲಿ ಅದ್ದಿದ್ದೇ. 1953ರ ಮಾರ್ಚ್ 26ರ ರಾತ್ರಿ ಲಾರಿ ಎಂಬಲ್ಲಿ ಸರಕಾರದ ಪರ ನಿಂತವರ ಗುಡಿಸಲುಗಳಿಗೆ ಹಗ್ಗ ಬಿಗಿದು ಬೆಂಕಿ ಇಟ್ಟರು. ಹೆಂಗಸರು ಮಕ್ಕಳು ಬೆಂದುಹೋದರು. ಆ ಜಗಳದ ಬೇರೂ ಯಾರ ನೆಲ ಯಾರಿಗೆ ಕೊಟ್ಟರು ಎಂಬುದರಲ್ಲೇ ಇತ್ತು. ಬೆಳಗಾಗುವಷ್ಟರಲ್ಲಿ ಸೇಡಿಗೆ ಇಳಿದ ಸರಕಾರಿ ಪಡೆಗಳು ಅದಕ್ಕಿಂತ ಹೆಚ್ಚು ಜನರನ್ನು ಕೊಂದವು. ಮೌ ಮೌ ಕೊಂದ ಬಿಳಿಯ ನೆಲಸಿಗರು ಒಟ್ಟು 32, ಆಫ್ರಿಕನ್ ನಾಗರಿಕರು ಸುಮಾರು 1,800. ಸರಕಾರವೇ ಒಪ್ಪಿಕೊಂಡ ಮೌ ಮೌ ಸಾವು 11,000ಕ್ಕೂ ಮೇಲೆ. ಗಲ್ಲಿಗೇರಿದವರು 1,090. ಕೊಲೆ ಮಾಡಿದ್ದಕ್ಕಲ್ಲ, ಒಂದು ಬಂದೂಕು ಅಥವಾ ನಾಲ್ಕು ಗುಂಡು ಸಿಕ್ಕಿದ್ದಕ್ಕೇ ನೇಣಾದವರು ಇವರಲ್ಲಿ ನೂರಾರು.

1954ರ ಏಪ್ರಿಲ್ 24ರ ಬೆಳಗಿನ ಜಾವ ಸೈನ್ಯ ನೈರೋಬಿಯನ್ನು ಸುತ್ತುವರಿಯಿತು. ಆಪರೇಷನ್ ಆನ್ವಿಲ್. ಬೀದಿ ಬೀದಿಯಿಂದ ಕಿಕುಯು ಜನರನ್ನು ಸಾಲಾಗಿ ನಡೆಸಿ, ತಲೆಯಿಂದ ಕಾಲಿನವರೆಗೆ ಗೋಣಿಚೀಲ ಮುಚ್ಚಿಕೊಂಡ ಮಾಹಿತಿದಾರನ ಮುಂದೆ ಹಾಯಿಸಿದರು. ಚೀಲದ ಎರಡು ತೂತುಗಳ ಹಿಂದಿನ ಕಣ್ಣು ನೋಡುತ್ತದೆ, ತಲೆ ಅಲ್ಲಾಡುತ್ತದೆ, ನಿಮ್ಮ ಬದುಕು ತೀರ್ಮಾನವಾಗುತ್ತದೆ. ಈ ಮುಸುಕುಧಾರಿಗಳಿಗೆ ಜನ ಇಟ್ಟ ಹೆಸರು ‘ಗಾಕುನಿಯಾ’, ಪುಟ್ಟ ಚೀಲ. ಸ್ವಾಹಿಲಿಯಲ್ಲಿ ಚೀಲಕ್ಕೆ ಗುನಿಯಾ. ನಮ್ಮ ಗೋಣಿಯೇ ಕಡಲು ದಾಟಿ ಹೋಗಿ ಆ ಮಾತಾಗಿದೆ. ಗೋಣಿ ಎಂದಾಗ ನಮಗೆ ರಾಗಿಯ ಮೂಟೆ ನೆನಪಾಗುತ್ತದೆ. ಒಂದು ತಲೆಮಾರಿನ ಕಿಕುಯುಗಳಿಗೆ ಬೇರೇನೋ ನೆನಪಾಗುತ್ತಿತ್ತು.

ಹೀಗೆ ಹಿಡಿದವರನ್ನು ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣದಲ್ಲಿ ಬೇರ್ಪಡಿಸಿ ಶಿಬಿರಗಳಿಗೆ ತಳ್ಳಿದರು. ಕಪ್ಪು ಎಂದರೆ ಬದಲಾಗದವನು. ಮೌ ಮೌ ಪ್ರತಿಜ್ಞೆ ಮಾಡಿದ್ದನ್ನು ಒಪ್ಪಿಕೊಂಡಂತೆಲ್ಲ ಬಣ್ಣ ತಿಳಿಯಾಗುತ್ತ ಒಂದು ಶಿಬಿರದಿಂದ ಮುಂದಿನದಕ್ಕೆ ಸಾಗಬಹುದು. ಅಧಿಕಾರಿಗಳು ಇದನ್ನು ‘ಪೈಪ್‌ಲೈನ್’ ಎಂದರು. ಶಿಬಿರಗಳಿಗೆ ಹೋದವರ ಸಂಖ್ಯೆಯನ್ನು ಸರಕಾರ 80,000ದಷ್ಟು ಎಂದಿತು. ಇತಿಹಾಸಕಾರರ ಲೆಕ್ಕ ಒಂದೂವರೆ ಲಕ್ಷ ದಾಟುತ್ತದೆ. ಹೊರಗುಳಿದ ಹೆಂಗಸರು, ಮುದುಕರು, ಮಕ್ಕಳು ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಅವರ ಚದುರಿದ ಗುಡಿಸಲುಗಳಿಂದ ಎಬ್ಬಿಸಿ, ಮುಳ್ಳುತಂತಿ ಮತ್ತು ಕಂದಕ ಸುತ್ತಿದ ಹೊಸ ಹಳ್ಳಿಗಳಲ್ಲಿ ತುಂಬಿದರು. ಶಿಬಿರಗಳ ಒಳಗಿನ ಹೊಡೆತವನ್ನು ಕಾನೂನಿನ ಚೌಕಟ್ಟಿಗೆ ಹೊಂದಿಸಿಕೊಟ್ಟವನು ಅಟಾರ್ನಿ ಜನರಲ್ ಎರಿಕ್ ಗ್ರಿಫಿತ್-ಜೋನ್ಸ್. ಪಾಪ ಮಾಡುವುದೇ ಆದರೆ ಸದ್ದಿಲ್ಲದೆ ಮಾಡೋಣ ಎಂಬರ್ಥದ ಮಾತನ್ನು ಅವನು ಗವರ್ನರನಿಗೆ ಕಾಗದದ ಮೇಲೆಯೇ ಬರೆದ. ಸದ್ದು ಮಾಡದಿರುವ ಕಾಗದ ಇರುವುದಿಲ್ಲ ಎಂಬುದು ಆ ಕಾನೂನು ಪಂಡಿತನಿಗೂ ಹೊಳೆಯಲಿಲ್ಲ.

ಕಾಡಿನಲ್ಲೂ ಕಾಗದವಿತ್ತು. ಅಬರ್ಡೇರ್ ಬೆಟ್ಟಗಳಲ್ಲಿ ಹೋರಾಟಗಾರರ ನಾಯಕನಾಗಿದ್ದ ಡೆಡಾನ್ ಕಿಮಾಥಿ ಹಿಂದೆ ಶಾಲಾ ಮಾಸ್ತರ. ಕೆನ್ಯಾಟ್ಟಾರ ಪಕ್ಷದ ಶಾಖೆಯೊಂದರ ಕಾರ್ಯದರ್ಶಿಯೂ ಆಗಿದ್ದವನು. ಆನೆ ಕಾಡೆಮ್ಮೆಗಳ ನಡುವೆ, ಬಿದಿರ ಮೆಳೆಯೊಳಗೆ ಅವನು ಸಭೆಗಳ ನಡಾವಳಿ ಬರೆಸುತ್ತಿದ್ದ, ಸತ್ತವರ ಪಟ್ಟಿ ಇಡಿಸುತ್ತಿದ್ದ, ಸರಕಾರಕ್ಕೆ ಪತ್ರ ಹಾಕುತ್ತಿದ್ದ. ನಾಳೆ ಲೆಕ್ಕ ಕೇಳುವವರು ಬರುತ್ತಾರೆ ಎಂದು ನಂಬಿದವನು ಮಾತ್ರ ಹೀಗೆ ಬರೆದಿಡುತ್ತಾನೆ. ಅವನ ಕಾಗದಗಳು ಸೈನ್ಯದ ಕೈಗೆ ಸಿಕ್ಕವು. 1956ರ ಅಕ್ಟೋಬರ್ 21ರಂದು ಗುಂಡೇಟು ತಿಂದು ಅವನೂ ಸಿಕ್ಕ. ರಿವಾಲ್ವರ್ ಇಟ್ಟುಕೊಂಡಿದ್ದ ಆರೋಪದ ಮೇಲೆ ಮರಣದಂಡನೆ ವಿಧಿಸಿ 1957ರ ಫೆಬ್ರವರಿ 18ರಂದು ಕಮಿಟಿ ಜೈಲಿನಲ್ಲಿ ಗಲ್ಲಿಗೇರಿಸಿದರು.

ಬಂದೂಕಿನ ಸದ್ದಿನ ಮರೆಯಲ್ಲಿ ಒಂದು ಸದ್ದಿಲ್ಲದ ಕೆಲಸ ನಡೆಯುತ್ತಿತ್ತು. ನನ್ನ ಮಟ್ಟಿಗೆ ಇಡೀ ಕತೆಯ ತಿರುಳು ಅಲ್ಲಿದೆ. 1954ರಲ್ಲಿ ಸ್ವಿನ್ನರ್ಟನ್ ಎಂಬ ಕೃಷಿ ಅಧಿಕಾರಿಯ ಯೋಜನೆ ಬಂತು. ಕಿಕುಯುಗಳ ತುಂಡು ತುಂಡು ಹೊಲಗಳನ್ನು ಒಟ್ಟುಗೂಡಿಸಿ, ಅಳೆದು, ಒಬ್ಬೊಬ್ಬರ ಹೆಸರಿಗೆ ಪಟ್ಟಾ ಬರೆದು, ಕಾಫಿ ಬೆಳೆಯಲು ಬಿಡಬೇಕು. ಕೇಳಲು ಒಳ್ಳೆಯದೇ. ಆದರೆ ಅಳೆಯುವ ದಿನ ಹೊಲದ ಬದುವಿನ ಮೇಲೆ ನಿಂತು ‘ಇದು ನಂದು’ ಎನ್ನಬೇಕಾದ ಸಾವಿರಾರು ಗಂಡಸರು ಮುಳ್ಳುತಂತಿಯ ಒಳಗಿದ್ದರು. ಅಳತೆ ಸಮಿತಿಗಳಲ್ಲಿ ಕೂತವರು ಸರಕಾರಕ್ಕೆ ನಿಷ್ಠರಾದ ಮುಖಂಡರು, ಹೋಮ್ ಗಾರ್ಡ್‌ಗಳು. ನಿಷ್ಠೆಗೂ ಒಂದು ಸರ್ಟಿಫಿಕೇಟು ಇತ್ತು. ಅದಿದ್ದವರಿಗೆ ಓಡಾಟ, ಓಟು, ಕಾಫಿ ಗಿಡ ಎಲ್ಲವೂ ಸಲೀಸು. ಶಿಬಿರದಿಂದ ಮರಳಿದವನ ಪಾಲಿಗೆ ಇಳಿಜಾರಿನ ಕಲ್ಲುನೆಲ ಬಂದಿರುತ್ತಿತ್ತು, ಎಷ್ಟೋ ಸಲ ಅದೂ ಇರುತ್ತಿರಲಿಲ್ಲ. ತಕರಾರು ಹೂಡೋಣವೆಂದರೆ ಕಾನೂನು ಬಾಗಿಲು ಹಾಕಿತ್ತು. ಮೊದಲ ನೋಂದಣಿಯನ್ನು, ಅದು ಮೋಸದಿಂದ ಆದದ್ದಾದರೂ, ಪ್ರಶ್ನಿಸುವಂತಿಲ್ಲ. 1963ರ ನೋಂದಾಯಿತ ಭೂಮಿ ಕಾಯ್ದೆಯ 143ನೇ ಕಲಮಿನಲ್ಲಿ ಈ ಮಾತು ಭದ್ರವಾಗಿ ಕೂತು ಸ್ವತಂತ್ರ ಕೆನ್ಯಾದೊಳಕ್ಕೆ ಕಾಲಿಟ್ಟಿತು. ಈ ಕಾಗದವನ್ನು ಯಾರೂ ಸುಡಲಿಲ್ಲ. ಇದು ‘ಲೆಗಸಿ’.

ಶಿಬಿರಗಳ ಕತೆ ಮುಗಿದದ್ದು ಹೋಲಾದಲ್ಲಿ. 1959ರ ಮಾರ್ಚ್ 3ರಂದು ಕೆಲಸ ಮಾಡಲು ಒಪ್ಪದ ಕೈದಿಗಳನ್ನು ಕಾವಲುಗಾರರು ಗಂಟೆಗಟ್ಟಲೆ ಹೊಡೆದರು, 11 ಮಂದಿ ಸತ್ತರು. ನೀರಿನ ಗಾಡಿಯಿಂದ ನೀರು ಕುಡಿದ ಮೇಲೆ ಸತ್ತರು ಎಂದು ಸರಕಾರ ಪತ್ರಿಕಾ ಪ್ರಕಟಣೆ ಹೊರಡಿಸಿತು. ಶವಪರೀಕ್ಷೆ ಆ ಸುಳ್ಳನ್ನು ಉಳಿಸಲಿಲ್ಲ. ಲಂಡನ್ನಿನ ಸಂಸತ್ತಿನಲ್ಲಿ ಕಟುವಾಗಿ ಮಾತಾಡಿದವರಲ್ಲಿ ಇನಾಕ್ ಪೊವೆಲ್ ಒಬ್ಬ. ಮುಂದೆ ವಲಸಿಗರ ವಿರುದ್ಧ ವಿಷ ಕಾರಿದ ಅದೇ ಪೊವೆಲ್. ಮನುಷ್ಯರು ಒಂದೇ ಕಡತದಲ್ಲಿ ಹಿಡಿಸುವುದಿಲ್ಲ. ಮೂರು ವರ್ಷದೊಳಗೆ ಕೆನ್ಯಾಟ್ಟಾ ಬಿಡುಗಡೆಯಾದರು, ಮೆಕ್ಲಾಯ್ಡನ ತಂತಿಯೂ ಬಂತು. ನೈರೋಬಿಯಲ್ಲಿ ಕಾಗದ ಸುಡುವ ಕೆಲಸ ಶುರುವಾಯಿತು.

ಎಲ್ಲವನ್ನೂ ಸುಡಲಿಲ್ಲ. ಒಂದಷ್ಟನ್ನು ತಾವು ಮುಂದೆ ನೋಡಬೇಕಾಗಬಹುದೆಂದು ಆರಿಸಿಟ್ಟರು. 1963ರ ಡಿಸೆಂಬರ್ 12ರ ಮಧ್ಯರಾತ್ರಿ ಧ್ವಜ ಇಳಿಯುವುದಕ್ಕೆ ಒಂಬತ್ತು ದಿನ ಮುಂಚೆ ಸುಮಾರು 1,500 ಕಡತ ತುಂಬಿದ ನಾಲ್ಕು ಮರದ ಪೆಟ್ಟಿಗೆಗಳು ಇಂಗ್ಲೆಂಡಿನ ವಿಮಾನ ಏರಿದವು. 1967ರಲ್ಲಿ ಕೆನ್ಯಾ ಸರಕಾರ ಅವನ್ನು ಕೇಳಿತು. ಕೊಡಲಾಗುವುದಿಲ್ಲ ಎಂದಿತು ಬ್ರಿಟನ್.

ಅಂದ ಹಾಗೆ, ಹೊಸ ಸರಕಾರವೂ ಆ ಪೆಟ್ಟಿಗೆಗಳಿಗಾಗಿ ಹಟ ಹಿಡಿಯಲಿಲ್ಲ. ಗೋಣಿಚೀಲದೊಳಗಿನ ಕೆಲವರು ಈಗ ಸೂಟಿನೊಳಗಿದ್ದರು. ಹಳೆಯದನ್ನು ಮರೆಯೋಣ ಎಂಬುದು ಹೊಸ ಸರಕಾರದ ನಾಯಕ ಕೆನ್ಯಾಟ್ಟಾರ ಮಾತು. ಬಿಳಿಯರ ಜಮೀನನ್ನು ಸರಕಾರ ಬ್ರಿಟನ್ ಮತ್ತು ವಿಶ್ವಬ್ಯಾಂಕಿನ ಸಾಲ ತಂದು ಕ್ರಯಕ್ಕೆ ಕೊಂಡಿತು. ಹತ್ತು ಲಕ್ಷ ಎಕರೆಯ ಯೋಜನೆ ಅದು. ಕಿತ್ತುಕೊಂಡ ನೆಲವನ್ನು ಕಳೆದುಕೊಂಡವರ ಮಕ್ಕಳು ಕಂತು ಕಟ್ಟಿ ಬಿಡಿಸಿಕೊಳ್ಳಬೇಕಾಯಿತು. ಕಂತು ಕಟ್ಟುವ ತಾಕತ್ತಿದ್ದವರಿಗೆ, ಮಂತ್ರಿಗಳಿಗೆ, ಮಂತ್ರಿಗಳ ನೆಂಟರಿಗೆ ದೊಡ್ಡ ದೊಡ್ಡ ತೋಟಗಳೇ ದಕ್ಕಿದವು.

ಇದು ಸರಿಯಲ್ಲ ಎಂದು ಸಂಸತ್ತಿನ ಒಳಗೂ ಹೊರಗೂ ಹೇಳುತ್ತಿದ್ದವರಲ್ಲಿ ಪಿಯೋ ಗಾಮಾ ಪಿಂಟೋ ಒಬ್ಬ. ಈ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕಿತ್ತು. 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ. ಓದಲು ಎಂಟನೆಯ ವಯಸ್ಸಿಗೆ ಭಾರತಕ್ಕೆ ಬಂದ. ಗೋವಾದಲ್ಲಿ ಮೆಟ್ರಿಕ್ ಮುಗಿಸಿ ಎರಡು ವರ್ಷ ವಿಜ್ಞಾನ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಕ್ವಿಟ್ ಇಂಡಿಯಾದ ಕಾವು ಇನ್ನೂ ಆರದಿದ್ದ ಆ ದಿನಗಳ ಧಾರವಾಡ ಅವನಿಗೆ ಏನೇನು ಕಲಿಸಿತೋ. ಮುಂದೆ ಮುಂಬಯಿಯಲ್ಲಿ ನೌಕರಿ, ಮುಷ್ಕರ, ಗೋವಾ ವಿಮೋಚನೆಯ ಗೆಳೆಯರು. ಕೆನ್ಯಾಕ್ಕೆ ಮರಳಿದವನು ಪತ್ರಕರ್ತನಾದ. ಮೌ ಮೌ ಹೋರಾಟಗಾರರಿಗೆ ಹಣ, ಆಯುಧ ಮುಟ್ಟಿಸಿದ. 1954ರಲ್ಲಿ ಹಿಡಿದು ಮಾಂಡಾ ದ್ವೀಪದ ಶಿಬಿರಕ್ಕೆ ಹಾಕಿದರು. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಪೂರ್ತಿ ಬಿಡುಗಡೆ 1959ರಲ್ಲಿ. ಕಾರ್ಮಿಕ ನಾಯಕ ಮಖನ್ ಸಿಂಗ್ ಅದಕ್ಕೂ ಮುಂಚೆ 1950ರಲ್ಲೇ ಪೂರ್ಣ ಸ್ವಾತಂತ್ರ್ಯ ಬೇಕೆಂದು ಬಹಿರಂಗವಾಗಿ ಹೇಳಿದ್ದಕ್ಕೆ ಹನ್ನೊಂದು ವರ್ಷ ಬಂಧನದಲ್ಲಿದ್ದ. ಕೆನ್ಯಾದ ಭಾರತೀಯರೆಂದರೆ ಅಂಗಡಿ ಇಟ್ಟವರು ಮಾತ್ರ ಎಂದು ಹೇಳುವವರಿಗೆ ಈ ಇಬ್ಬರ ಹೆಸರು ಸಾಕು.

1965ರ ಫೆಬ್ರವರಿ 24ರ ಬೆಳಗ್ಗೆ ನೈರೋಬಿಯ ತನ್ನ ಮನೆಯ ಗೇಟಿನ ಬಳಿ, ಪುಟ್ಟ ಮಗಳು ಕಾರಿನಲ್ಲಿರುವಾಗಲೇ, ಪಿಂಟೋಗೆ ಗುಂಡು ಹೊಡೆದರು. ಸ್ವತಂತ್ರ ಕೆನ್ಯಾದ ಮೊದಲ ರಾಜಕೀಯ ಕೊಲೆ. ಸರಕಾರದ ಆರ್ಥಿಕ ನೀತಿಯ ಪತ್ರಕ್ಕೆ ಎದುರಾಗಿ ಅವನೊಂದು ಪರ್ಯಾಯ ಪತ್ರ ಸಿದ್ಧಮಾಡುತ್ತಿದ್ದನೆಂದು ಗೆಳೆಯರು ಹೇಳುತ್ತಾರೆ. ಒಬ್ಬನಿಗೆ ಶಿಕ್ಷೆಯಾಯಿತು; ಹಿಂದಿದ್ದವರು ಯಾರೆಂದು ಗೊತ್ತಾಗಲೇ ಇಲ್ಲ.

ಹಳೆಯ ಸರಕಾರ ಬಿಟ್ಟುಹೋದ ವಿಚಾರಣೆಯಿಲ್ಲದ ಬಂಧನದ ಅಧಿಕಾರವನ್ನೂ ಹೊಸಬರು ಜತನದಿಂದ ಕಾಪಾಡಿಕೊಂಡರು. ಕಾದಂಬರಿಕಾರ ಗೂಗಿ ವಾ ಥಿಯಾಂಗೊ 1977ರ ಕೊನೆಯ ದಿನ ಬಂಧನಕ್ಕೊಳಗಾಗಿ ಹೋದದ್ದು ಕಿಮಾಥಿಯನ್ನು ನೇಣಿಗೇರಿಸಿದ್ದ ಅದೇ ಕಮಿಟಿ ಜೈಲಿಗೆ. ಅಲ್ಲಿ ಬರೆಯಲು ಕಾಗದ ಕೊಡಲಿಲ್ಲ. ಶೌಚದ ಕಾಗದದ ಮೇಲೆ, ಕಿಕುಯು ಭಾಷೆಯಲ್ಲಿ, ಅವರು ಒಂದು ಕಾದಂಬರಿ ಬರೆದು ಮುಗಿಸಿದರು. ಮೌ ಮೌ ಸಂಘಟನೆಯ ಮೇಲೆ ಬ್ರಿಟಿಷರು ಹೇರಿದ್ದ ನಿಷೇಧ ತೆಗೆದದ್ದು 2003ರಲ್ಲಿ, ಸ್ವಾತಂತ್ರ್ಯ ಬಂದು ನಲವತ್ತು ವರ್ಷಕ್ಕೆ.

ನಿಷೇಧ ತೆಗೆದ ಮೇಲೆ ಮುದುಕರು ಬಾಯಿ ಬಿಟ್ಟರು. ಅಷ್ಟರಲ್ಲಿ ಕ್ಯಾರೊಲಿನ್ ಎಲ್ಕಿನ್ಸ್ ಮತ್ತು ಡೇವಿಡ್ ಆಂಡರ್ಸನ್ ಎಂಬ ಇಬ್ಬರು ಇತಿಹಾಸಕಾರರ ಪುಸ್ತಕಗಳು 2005ರಲ್ಲಿ ಒಟ್ಟಿಗೇ ಬಂದಿದ್ದವು. ಹಳ್ಳಿಗಳಲ್ಲಿ ಕೂತು ಮುದುಕಿಯರ ಮಾತು ಕೇಳಿ ಬರೆದ ಎಲ್ಕಿನ್ಸ್‌ಗೆ ಬಾಯಿಮಾತನ್ನು ನಂಬಿದವಳೆಂಬ ಮೂದಲಿಕೆ ಸಿಕ್ಕಿತು: ಕಾಗದ ಎಲ್ಲಿ? 2009ರಲ್ಲಿ ಐವರು ಮುದುಕರು ಲಂಡನ್ನಿನ ಹೈಕೋರ್ಟಿಗೆ ಹೋದರು. ಬೀಜ ಒಡೆಸಿಕೊಂಡವರು, ಬಿಸಿನೀರು ತುಂಬಿದ ಬಾಟಲಿಯಿಂದ ಅತ್ಯಾಚಾರಕ್ಕೊಳಗಾದವರು, ಹೋಲಾದಲ್ಲಿ ಹೆಣಗಳ ನಡುವೆ ಹೆಣವೆಂದು ಬಿಸಾಡಲ್ಪಟ್ಟು ಬದುಕಿಕೊಂಡವರು. ಸರಕಾರದ ಮೊದಲ ಉತ್ತರ ಕೇಳಿ: ಹೊಣೆ ನಮ್ಮದಲ್ಲ, ಅದು ಕೆನ್ಯಾ ಸರಕಾರಕ್ಕೆ ವರ್ಗವಾಗಿದೆ. ಹೊಡೆತವೂ ಬಳುವಳಿ!

ಮೊಕದ್ದಮೆ ನಡೆಯುತ್ತಿರುವಾಗ, ನೈರೋಬಿಯಿಂದ ಪೆಟ್ಟಿಗೆಗಳು ಹೊರಟದ್ದರ ಸುಳಿವು ಹಳೆಯ ಪತ್ರಗಳಲ್ಲಿ ಕಂಡಿದ್ದ ಆಂಡರ್ಸನ್ ಕೋರ್ಟಿಗೆ ಅಫಿಡವಿಟ್ ಕೊಟ್ಟರು. ಹುಡುಕಲೇಬೇಕಾಯಿತು. 2011ರ ಆರಂಭದಲ್ಲಿ ವಿದೇಶಾಂಗ ಕಚೇರಿ ಒಪ್ಪಿಕೊಂಡಿತು: ಬಕಿಂಗ್‌ಹ್ಯಾಮ್‌ಷೈರ್‌ನ ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಬಿಗಿ ಕಾವಲಿನ ಕಟ್ಟಡದಲ್ಲಿ ಕೆನ್ಯಾದ ಸುಮಾರು 300 ಪೆಟ್ಟಿಗೆ ಕಡತಗಳಿವೆ. ಕೆನ್ಯಾದ್ದು ಮಾತ್ರವಲ್ಲ, 37 ಹಳೆಯ ವಸಾಹತುಗಳ 8,800 ಕಡತ. ಐವತ್ತು ವರ್ಷ ಅವು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮುದುಕಿಯರು ಹೇಳಿದ್ದು ಅಲ್ಲಿ ಟೈಪಾಗಿ ಕೂತಿತ್ತು.

2012ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಮೆಕೂಂಬ್, ಇಷ್ಟು ಕಾಗದ ಇರುವಾಗ ಅರ್ಧ ಶತಮಾನ ಕಳೆದಿದ್ದರೂ ನ್ಯಾಯಯುತ ವಿಚಾರಣೆ ಸಾಧ್ಯ ಎಂದರು. 2013ರ ಜೂನ್ 6ರಂದು ವಿದೇಶಾಂಗ ಮಂತ್ರಿ ವಿಲಿಯಂ ಹೇಗ್ ಸಂಸತ್ತಿನಲ್ಲಿ ವಿಷಾದ ಸೂಚಿಸಿದರು, 5,228 ಮಂದಿಗೆ ಖರ್ಚೂ ಸೇರಿ 19.9 ದಶಲಕ್ಷ ಪೌಂಡು ಘೋಷಿಸಿದರು. ಹೊಣೆಯನ್ನು ಮಾತ್ರ ಒಪ್ಪಲಿಲ್ಲ. ಆಮೇಲೆ ಇನ್ನೂ 40,000 ಮಂದಿ ಬಂದರು. ಅವರ ಮೊಕದ್ದಮೆಯನ್ನು 2018ರಲ್ಲಿ ಇನ್ನೊಬ್ಬ ನ್ಯಾಯಮೂರ್ತಿ ವಜಾ ಮಾಡಿದರು. ಕಾಲ ಬಹಳ ಕಳೆದಿದೆ. ನ್ಯಾಯಯುತ ವಿಚಾರಣೆ ಈಗ ಸಾಧ್ಯವಿಲ್ಲ.

ನೆಲದ ಕಾಗದಗಳ ಗತಿಯನ್ನೂ ಹೇಳಬೇಕು. 2004ರಲ್ಲಿ ಬಂದ ನ್ಡುಂಗು ಆಯೋಗದ ವರದಿ ಸ್ವತಂತ್ರ ಕೆನ್ಯಾದಲ್ಲಿ ಅಕ್ರಮವಾಗಿ ಹುಟ್ಟಿದ ಭೂಪಟ್ಟಾಗಳನ್ನು ಸುಮಾರು ಎರಡು ಲಕ್ಷ ಎಂದು ಎಣಿಸಿತು. 2010ರ ಹೊಸ ಸಂವಿಧಾನ ವಿದೇಶಿಯರ 999 ವರ್ಷದ ಗುತ್ತಿಗೆಗಳನ್ನು 99ಕ್ಕೆ ಇಳಿಸಿತು. ಪಂಪನ ಕಾಲದಷ್ಟು ಉದ್ದದ ಲೆಕ್ಕ ಒಂದು ಆಯುಷ್ಯದ ಅಳತೆಗೆ ಬಂತು.

ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಕಡತಗಳನ್ನು ಈಗ ಯಾರು ಬೇಕಾದರೂ ತೆಗೆಸಿ ಓದಬಹುದು, ವೀಸಾ ಸಿಕ್ಕರೆ. ಎಫ್‌ಸಿಒ 141 ಎಂದು ಅದರ ಸರಣಿಯ ಸಂಖ್ಯೆ. ಸುಟ್ಟ ಪ್ರತಿ ಕಡತಕ್ಕೂ ಸುಟ್ಟಿದ್ದೇವೆಂದು ಪ್ರಮಾಣಪತ್ರ ಬರೆದು ಲಂಡನ್ನಿಗೆ ಕಳಿಸಬೇಕೆಂಬ ನಿಯಮವಿತ್ತು. ಹಾಗಾಗಿ ಸುಟ್ಟದ್ದಕ್ಕೂ ಒಂದಿಷ್ಟು ಕಾಗದ ಉಳಿದಿದೆ. ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದ ಕಿಮಾಥಿಯ ವಿಚಾರಣೆಯ ನಡಾವಳಿಯೂ ಸಿಕ್ಕಿತು, 2017ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಸಾಕ್ಷಿ ಹೇಳಿದವರ ಹೆಸರಿದೆ, ಪಾಟೀಸವಾಲಿದೆ, ತೀರ್ಪಿದೆ, ಮೇಲ್ಮನವಿ ಬಿದ್ದುಹೋದದ್ದಿದೆ. ಕಮಿಟಿ ಜೈಲಿನ ಆವರಣದಲ್ಲಿ ಅವನನ್ನು ಹೂತ ಜಾಗ ಯಾವುದೆಂದು ಮಾತ್ರ ಬರೆದಿಲ್ಲ. ಗಂಡನ ಮೂಳೆಗಳನ್ನು ಕೊಡಿ, ಮಣ್ಣು ಮಾಡುತ್ತೇನೆ ಎಂದು ಅವನ ಹೆಂಡತಿ ಮುಕಾಮಿ ಕಿಮಾಥಿ ಒಬ್ಬೊಬ್ಬ ಅಧ್ಯಕ್ಷರನ್ನೂ ಕೇಳುತ್ತ ಬಂದರು. 2023ರ ಮೇ ತಿಂಗಳಲ್ಲಿ ಅವರೂ ತೀರಿಕೊಂಡರು. ಸರಕಾರಿ ಗೌರವದೊಂದಿಗೆ ಅವರನ್ನು ಒಬ್ಬರನ್ನೇ ಹೂಳಿದರು.